ಲಿಥಿಯಂ ಐರನ್ ಫಾಸ್ಫೇಟ್: ಕಲಬೆರಕೆಯನ್ನು ಹಿಡಿದುಕೊಡುವ ಕಾಂತತೆ

ಬ್ಯಾಟರಿ ಎಂದರೆ ವೋಲ್ಟೇಜ್, ಸಾಮರ್ಥ್ಯ ಎಂದು ಓದಿಕೊಂಡು ಕಾಂತತೆಯ ಅಧ್ಯಾಯವನ್ನು ಬಿಟ್ಟುಬಿಡುವವರೇ ಹೆಚ್ಚು. ಕ್ಯಾಥೋಡ್ (ಬ್ಯಾಟರಿಯ ಧನ ವಿದ್ಯುದ್ವಾರ) ಪುಡಿಯ ಶುದ್ಧತೆಯನ್ನು ಅಳೆಯಲು ಕಾಂತತೆಗಿಂತ ಸೂಕ್ಷ್ಮವಾದ ಸಾಧನ ಸಿಗುವುದು ಕಷ್ಟ. 1997ರಲ್ಲಿ ಲಿಥಿಯಂ ಐರನ್ ಫಾಸ್ಫೇಟನ್ನು ಕ್ಯಾಥೋಡಾಗಿ ಪರಿಚಯಿಸಿದ ತಂಡದ ಜಾನ್ ಗುಡ್‌ಇನಫ್, ಅದಕ್ಕೂ ದಶಕಗಳ ಮುಂಚೆ ಆಕ್ಸೈಡ್‌ಗಳ ಕಾಂತತೆಯ ನಿಯಮಗಳಿಗೆ ಹೆಸರಾದವರು.

ಮೊದಲು ಲೆಕ್ಕ. ಚಾರ್ಜ್ ಇಳಿದ ಸ್ಥಿತಿಯಲ್ಲಿ ಕಬ್ಬಿಣ ಫೆರಸ್ ಅಯಾನು (Fe²⁺). ಅದರಲ್ಲಿ ಜೋಡಿಯಾಗದ ಎಲೆಕ್ಟ್ರಾನ್‌ಗಳು 4. ಅಯಾನಿನ ಕಾಂತಬಲದ ಅಳತೆಗೆ ಕಾಂತ ಮಹತ್ವ (ಮ್ಯಾಗ್ನೆಟಿಕ್ ಮೊಮೆಂಟ್) ಎಂದು ಹೆಸರು; ಜೋಡಿಯಾಗದ ಎಲೆಕ್ಟ್ರಾನ್‌ಗಳು n ಇದ್ದರೆ ಅದು √(n×(n+2)). ಇಲ್ಲಿ √(4×6), ಅಂದರೆ 4.90 ಬೋರ್ ಮ್ಯಾಗ್ನೆಟಾನ್ (ಅದರ ಏಕಮಾನ). ಚಾರ್ಜ್ ಮಾಡಿದಾಗ ಲಿಥಿಯಂ ಹೊರಡುತ್ತದೆ, ಕಬ್ಬಿಣ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ (Fe³⁺) ಆಗುತ್ತದೆ; ಜೋಡಿಯಾಗದ ಎಲೆಕ್ಟ್ರಾನ್‌ಗಳು ಈಗ 5: √(5×7), ಅಂದರೆ 5.92. ಅರ್ಧ ಚಾರ್ಜ್ ಆದ ಪುಡಿಯಲ್ಲಿ ಫೆರಸ್, ಫೆರಿಕ್ ಎರಡೂ ರೂಪಗಳು ಬೆರೆತಿರುತ್ತವೆ. ಆಗ ಮಹತ್ವಗಳ ಸರಾಸರಿ ತೆಗೆಯಬಾರದು, ಅವುಗಳ ವರ್ಗಗಳ ಸರಾಸರಿ ತೆಗೆಯಬೇಕು: 24 ಮತ್ತು 35ರ ಸರಾಸರಿ 29.5, ವರ್ಗಮೂಲ 5.43. ಫೆರಸ್ ಸ್ಥಿತಿಯಲ್ಲಿ ಅಳತೆ 4.90ಕ್ಕಿಂತ ತುಸು ಹೆಚ್ಚು ಬಂದರೆ ಗಾಬರಿ ಬೇಡ; ಎಲೆಕ್ಟ್ರಾನಿನ ಕಕ್ಷೀಯ ಚಲನೆಯ ಪಾಲೂ ಅದರಲ್ಲಿದೆ.

ತಣಿಸಿದರೆ ಎರಡೂ ರೂಪಗಳು ಆ್ಯಂಟಿಫೆರೋಕಾಂತೀಯವಾಗುತ್ತವೆ, ಅಂದರೆ ನೆರೆಯ ಅಯಾನುಗಳ ಕಾಂತ ಮಹತ್ವಗಳು ಎದುರುಬದುರಾಗಿ ನಿಂತು ಒಂದನ್ನೊಂದು ರದ್ದು ಮಾಡುತ್ತವೆ: ಫೆರಸ್ ರೂಪ ಸುಮಾರು 50 ಕೆಲ್ವಿನ್‌ನಲ್ಲಿ, ಫೆರಿಕ್ ರೂಪ ಸುಮಾರು 125ರಲ್ಲಿ.

ಈಗ ಮುಖ್ಯ ವಿಷಯ. ಶುದ್ಧ ಪುಡಿ ಕೋಣೆಯ ತಾಪದಲ್ಲಿ ಪ್ಯಾರಾಕಾಂತೀಯ, ಅಂದರೆ ಹೊರಗಿನ ಕಾಂತಕ್ಷೇತ್ರ ಇರುವಾಗ ಮಾತ್ರ ದುರ್ಬಲವಾಗಿ ಕಾಂತವಾಗುತ್ತದೆ. ಕಾಂತಕ್ಷೇತ್ರ ಹೆಚ್ಚಿಸಿದಂತೆ ಕಾಂತತ್ವ ಸರಳರೇಖೆಯಲ್ಲಿ ಏರುತ್ತದೆ. ಮ್ಯಾಗ್‌ಹೆಮೈಟ್‌ನಂಥ ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳು ಸೇರಿಕೊಂಡಿದ್ದರೆ ರೇಖೆ ಆರಂಭದಲ್ಲೇ ಕಡಿದಾಗಿ ಮೇಲೆದ್ದು, ನಂತರ ಬಾಗಿ, ಆಮೇಲೆ ನೇರವಾಗುತ್ತದೆ. ಹರಳಿನ ರಚನೆ ತೋರಿಸುವ ಎಕ್ಸ್‌-ಕಿರಣ ವಿವರ್ತನೆಗೆ ಕಾಣದಷ್ಟು ಅಲ್ಪ ಕಲಬೆರಕೆಯೂ ಇಲ್ಲಿ ಸಿಕ್ಕಿಬೀಳುತ್ತದೆ. ಆ ನೇರ ಭಾಗವನ್ನು ಹಿಂದಕ್ಕೆ, ಶೂನ್ಯ ಕ್ಷೇತ್ರದವರೆಗೆ ಎಳೆಯಿರಿ. ಅದು ಲಂಬ ಅಕ್ಷವನ್ನು ಮುಟ್ಟುವ ಬೆಲೆಯೇ ಕಲಬೆರಕೆಯ ಕೊಡುಗೆ. ಅದನ್ನು ಆ ಆಕ್ಸೈಡಿನ ಸಂತೃಪ್ತ ಕಾಂತತ್ವದಿಂದ (ಅದು ಮುಟ್ಟಬಲ್ಲ ಗರಿಷ್ಠ ಕಾಂತತ್ವ) ಭಾಗಿಸಿದರೆ ಕಲಬೆರಕೆಯ ಪ್ರಮಾಣವೇ ಸಿಗುತ್ತದೆ.

ಆದರೆ ಕೋಣೆಯ ತಾಪದಲ್ಲಿ ಸರಳರೇಖೆ ಬಂತೆಂದು ಪರೀಕ್ಷೆ ಮುಗಿಸಬೇಡಿ. ಇಂಗಾಲದೊಂದಿಗೆ ಅತಿಯಾಗಿ ಕಾಯಿಸಿದ ಪುಡಿಯಲ್ಲಿ ಐರನ್ ಫಾಸ್ಫೈಡ್ ಹುಟ್ಟಬಹುದು. ಅದು ಫೆರೋಕಾಂತೀಯ (ಕಬ್ಬಿಣದಂತೆ ಬಲವಾದ ಕಾಂತ) ಆಗುವುದು ಸುಮಾರು 220 ಕೆಲ್ವಿನ್‌ಗಿಂತ ಕೆಳಗೆ ಮಾತ್ರ. ಪುಡಿಯನ್ನು ಅದಕ್ಕಿಂತ ಕೆಳಗೆ, ಆದರೆ 50 ಕೆಲ್ವಿನ್‌ಗಿಂತ ಮೇಲೆ ಇಟ್ಟು ಇನ್ನೊಮ್ಮೆ ಅಳೆದರೆ ಅದೂ ಬಯಲಾಗುತ್ತದೆ.