ತೂತು ಒಂದೇ, ತಾಕತ್ತು ಬೇರೆ

ಅಂಗಡಿಯ ಕೌಂಟರಿನಲ್ಲಿ ಈಗೀಗ ಪದೇ ಪದೇ ಕೇಳಿಬರುವ ಮಾತು ಇದು: "ಅಣ್ಣ, ಲ್ಯಾಪ್‌ಟಾಪಿಗೂ ಟೈಪ್-ಸಿ, ಮೊಬೈಲಿಗೂ ಟೈಪ್-ಸಿ. ಮೊಬೈಲ್ ಚಾರ್ಜರ್ ಹಾಕಿದ್ರೆ ಲ್ಯಾಪ್‌ಟಾಪ್ ಯಾಕೆ ಚಾರ್ಜ್ ಆಗೂದಿಲ್ಲ?" ಕೇಳುವುದರಲ್ಲಿ ತಪ್ಪೇನಿಲ್ಲ. 2014ರಲ್ಲಿ ಟೈಪ್-ಸಿ ಬಂದಾಗ ಎಲ್ಲದಕ್ಕೂ ಒಂದೇ ವೈರು ಎಂದೇ ಜನ ತಿಳಿದುಕೊಂಡರು. 2023ರಲ್ಲಿ ಐಫೋನ್ ಕೂಡ ಅದಕ್ಕೇ ಬಂದ ಮೇಲೆ ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಆದರೆ ಒಂದಾದದ್ದು ಬಾಯಿಯ ಆಕಾರ ಮಾತ್ರ. ಆ ಬಾಯಿಯ ಹಿಂದೆ ಎಷ್ಟು ಕರೆಂಟು ಹರಿಯುತ್ತದೆ, ಡೇಟಾ ಎಷ್ಟು ವೇಗದಲ್ಲಿ ಓಡುತ್ತದೆ, ಟಿವಿಗೆ ಚಿತ್ರ ಹೋಗುತ್ತದೋ ಇಲ್ಲವೋ, ಇವೆಲ್ಲ ಬೇರೆ ಬೇರೆ ಲೆಕ್ಕ.

ಚಾರ್ಜಿಂಗ್ ವಿಷಯ ಮೊದಲು. ಉಡುಪಿ ಹೋಟೆಲಿನ ಮಾಣಿ ಒಂದೇ ಉಸಿರಿನಲ್ಲಿ ಇಡ್ಲಿ, ವಡೆ, ದೋಸೆ ಎಂದು ಪಟ್ಟಿ ಒಪ್ಪಿಸುತ್ತಾನಲ್ಲ, ಪವರ್ ಡೆಲಿವರಿ ಎಂಬ ಟೈಪ್-ಸಿ ಚಾರ್ಜಿಂಗ್ ಪದ್ಧತಿ ಇರುವ ಚಾರ್ಜರ್ ಕೂಡ ವೈರು ಸಿಕ್ಕಿಸಿದ ಕೂಡಲೇ ತನ್ನಲ್ಲಿ ಇರುವುದನ್ನು ಹೇಳುತ್ತದೆ: 5 ವೋಲ್ಟ್, 9, 15, 20. ಲ್ಯಾಪ್‌ಟಾಪ್ ಅದರಲ್ಲಿ ತನಗೆ ಬೇಕಾದ್ದನ್ನು ಕೇಳುತ್ತದೆ. ಮೊಬೈಲಿನ 20 ವ್ಯಾಟ್ ಚಾರ್ಜರ್‌ನಲ್ಲಿ ಸಾಮಾನ್ಯವಾಗಿ 9 ವೋಲ್ಟೇ ಕೊನೆ. 20 ವೋಲ್ಟೇ ಬೇಕೆನ್ನುವ ಲ್ಯಾಪ್‌ಟಾಪ್ ಸುಮ್ಮನೆ ಕೂತುಬಿಡುತ್ತದೆ. ಕೆಲವು ಲ್ಯಾಪ್‌ಟಾಪುಗಳು ಅಷ್ಟರಲ್ಲೇ ಸುಧಾರಿಸಿಕೊಂಡು ರಾತ್ರಿಯಿಡೀ ನಿಧಾನಕ್ಕೆ ತುಂಬಿಸಿಕೊಳ್ಳುತ್ತವೆ. ಎರಡರಲ್ಲೂ ಯಾವುದೂ ಕೆಟ್ಟಿರುವುದಿಲ್ಲ.

ಚಾರ್ಜರ್ ಸರಿಯಾಗಿದ್ದರೂ ಕೇಬಲ್ ಅಡ್ಡ ಬರುವುದುಂಟು. ಎರಡೂ ತುದಿಗೆ ಟೈಪ್-ಸಿ ಇರುವ ಸಾಧಾರಣ ಕೇಬಲಿನ ಮಿತಿ 3 ಆಂಪಿಯರ್. 20 ವೋಲ್ಟಿಗೆ ಗುಣಿಸಿದರೆ 60 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ಕೇಬಲಿನ ತಲೆಯೊಳಗೆ ಒಂದು ಪುಟ್ಟ ಚಿಪ್ ಇರಬೇಕು, 'ನಾನು 5 ಆಂಪಿಯರ್ ತಾಳುತ್ತೇನೆ' ಎಂದು ಚಾರ್ಜರಿಗೆ ಹೇಳುವುದಕ್ಕೆ. ಆ ಚಿಪ್ ಕಾಣದಿದ್ದರೆ 100 ವ್ಯಾಟಿನ ಚಾರ್ಜರ್ ಕೂಡ 60ಕ್ಕೇ ನಿಲ್ಲುತ್ತದೆ. ಲ್ಯಾಪ್‌ಟಾಪ್ ಪರದೆಯಲ್ಲಿ 'ನಿಧಾನದ ಚಾರ್ಜರ್' ಎಂಬ ಸೂಚನೆ ಕಂಡರೆ ಅಡಾಪ್ಟರಿಗೆ ದುಡ್ಡು ಸುರಿಯುವ ಮೊದಲು ಕೇಬಲ್ ಬದಲಿಸಿ ನೋಡಿ.

ಇದರ ತದ್ವಿರುದ್ಧದ ದೂರೂ ಬರುತ್ತದೆ. ಅಗ್ಗದ ಟ್ರಿಮ್ಮರ್, ಟಾರ್ಚು, ಕೈಫ್ಯಾನು ಹಳೇ ಚಪ್ಪಟೆ ಯುಎಸ್‌ಬಿ ಚಾರ್ಜರಿನಲ್ಲಿ ಚಾರ್ಜ್ ಆಗುತ್ತವೆ, ಹೊಸ ದುಬಾರಿ ಟೈಪ್-ಸಿ ಚಾರ್ಜರಿನಲ್ಲಿ ಜಪ್ಪಯ್ಯ ಎಂದರೂ ಆಗುವುದಿಲ್ಲ. ಟೈಪ್-ಸಿ ಚಾರ್ಜರ್ ಎದುರಿಗೆ ಸಾಧನ ಇದೆ ಎಂದು ಖಾತ್ರಿಯಾಗುವ ತನಕ 5 ವೋಲ್ಟನ್ನೂ ಬಿಡುವುದಿಲ್ಲ. ಆ ಖಾತ್ರಿ ಸಿಗುವುದು ಸಾಧನದೊಳಗಿನ 5.1 ಕಿಲೋಓಮಿನ ಎರಡು ರೆಸಿಸ್ಟರು ಎಂಬ ಪುಟ್ಟ ಬಿಡಿಭಾಗಗಳಿಂದ. ಪೈಸೆ ಉಳಿಸಲು ಅವನ್ನೇ ಬಿಟ್ಟು ತಯಾರಿಸಿದವರ ಜಿಪುಣತನಕ್ಕೆ ನನ್ನ ಬಳಿ ಮದ್ದಿಲ್ಲ. ಒಂದು ಹಳೇ ಚಾರ್ಜರ್ ಅದಕ್ಕೆಂದೇ ಎತ್ತಿಟ್ಟುಕೊಳ್ಳಿ.

ಡೇಟಾದ ಕಥೆ ಇನ್ನೂ ಗೊಂದಲದ್ದು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ ಆಟದ ವಿಡಿಯೋ ಮಾಡುವ ಹುಡುಗರು ನಮ್ಮಲ್ಲಿದ್ದಾರೆ. ಅವರಲ್ಲೊಬ್ಬ ವಿಡಿಯೋ ತುಂಬಿಡುವ ವೇಗದ ಡಿಸ್ಕು, ಎಸ್‌ಎಸ್‌ಡಿ, ತಂದು, "ಇದು ಸ್ಲೋ ಆಗಿದೆ ಮಾರಾಯ್ರೆ" ಎಂದ. ಅವನು ಹಾಕಿದ್ದು ಮೊಬೈಲ್ ಚಾರ್ಜಿಂಗಿನ ಕೇಬಲ್. ಅಂಥವುಗಳಲ್ಲಿ ಬಹುಪಾಲು ಯುಎಸ್‌ಬಿ 2.0, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. 100 ಜಿಬಿ ಸಾಗಿಸಲು ಮುಕ್ಕಾಲು ಗಂಟೆಯ ಹತ್ತಿರ ಬೇಕು. ಪೋರ್ಟು, ಕೇಬಲ್, ಡಿಸ್ಕ್ ಮೂರೂ 10 ಗಿಗಾಬಿಟ್‌ನವಾದರೆ ಅದೇ ಕೆಲಸ ಎರಡು ನಿಮಿಷದ ಆಸುಪಾಸು. ಐಫೋನ್ 15ರಲ್ಲೂ ಇದೇ ಭೇದ: ಸಾದಾ 15ರಲ್ಲಿ 480 ಮೆಗಾಬಿಟ್, 15 ಪ್ರೋದಲ್ಲಿ 10 ಗಿಗಾಬಿಟ್. ಪ್ರೋ ಜತೆ ಡಬ್ಬಿಯಲ್ಲಿ ಬರುವ ಕೇಬಲ್ ಮಾತ್ರ ಯುಎಸ್‌ಬಿ 2.0ದ್ದೇ!

ಲ್ಯಾಪ್‌ಟಾಪನ್ನು ಟಿವಿಗೆ ಹಾಕುವುದಿದ್ದರೆ ಪೋರ್ಟಿನ ಪಕ್ಕದ ಗುರುತು ನೋಡಿ. ಡಿಸ್‌ಪ್ಲೇಪೋರ್ಟಿನ ಚಿಹ್ನೆಯೋ ಥಂಡರ್‌ಬೋಲ್ಟಿನ ಮಿಂಚೋ ಇದ್ದರೆ ಚಿತ್ರ ಬರುತ್ತದೆ. ಏನೂ ಇಲ್ಲದಿದ್ದರೆ ಮಾಡೆಲ್ ನಂಬರಿನ ವಿವರ ಓದಿಯೇ ಎಚ್‌ಡಿಎಂಐ ಅಡಾಪ್ಟರ್ ಕೊಳ್ಳಿ.

ಇನ್ನು ನಿಜವಾಗಿ ಕೆಡುವ ಭಾಗ. "ಪಿನ್ ಹೋಗಿದೆ" ಎಂದು ಬರುವ ಎಷ್ಟೋ ಮೊಬೈಲುಗಳಲ್ಲಿ ಪಿನ್ ಹೋಗಿರುವುದಿಲ್ಲ, ಜೇಬಿನ ನೂಲು ಒಳಗೆ ಹೋಗಿರುತ್ತದೆ. ವಿರಾರ್ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಪ್ಯಾಂಟಿನ ಜೇಬಿಗೆ ಒತ್ತಿಕೊಂಡು ನಿಂತ ಫೋನಿನ ಪೋರ್ಟಿಗೆ ನೂಲು, ಧೂಳು ಸೇರುತ್ತದೆ. ಪ್ರತಿ ಸಲ ಕೇಬಲ್ ಚುಚ್ಚಿದಾಗ ಅದು ಹಿಂದಿನ ಗೋಡೆಗೆ ಒತ್ತಿ ಗಟ್ಟಿಯಾಗುತ್ತದೆ. ಕೊನೆಗೆ ಪ್ಲಗ್ ಒಂದು ಮಿಲಿಮೀಟರ್ ಹೊರಗೇ ನಿಲ್ಲುತ್ತದೆ, ಟಕ್ ಎಂದು ಕೂರುವುದಿಲ್ಲ, ಫೋನ್ ಅಲ್ಲಾಡಿದರೆ ಚಾರ್ಜ್ ನಿಲ್ಲುತ್ತದೆ. ಫೋನ್ ಆಫ್ ಮಾಡಿ, ಬಿದಿರಿನ ಟೂತ್‌ಪಿಕ್ಕಿನ ತುದಿಯನ್ನು ಚಪ್ಪಟೆಯಾಗಿ ಹೆರೆದು, ಪೋರ್ಟಿನ ಗೋಡೆಗೆ ತಾಗಿಸಿ ಮೆಲ್ಲಗೆ ಎಳೆದರೆ ಬೂದು ಬಣ್ಣದ ಒಂದು ಪದರ ಎದ್ದು ಬರುತ್ತದೆ. ನಡುವಿನ ನಾಲಿಗೆಯಂಥ ಪಟ್ಟಿಯನ್ನು ಮೀಟಬೇಡಿ. ಮೇಲೆ ಹನ್ನೆರಡು, ಕೆಳಗೆ ಹನ್ನೆರಡು, 24 ಪಿನ್ನುಗಳು ಕೂತಿರುವುದು ಅದರ ಮೇಲೆಯೇ. ಸೇಫ್ಟಿ ಪಿನ್ನು ಅಂತೂ ಬೇಡವೇ ಬೇಡ.

ಕೇಬಲನ್ನು ಒಂದು ಬದಿಗೆ ಹಾಕಿದರೆ ಚಾರ್ಜ್ ಆಗುತ್ತದೆ, ತಿರುಗಿಸಿ ಹಾಕಿದರೆ ಇಲ್ಲ ಎಂದಾದರೆ ಅದು ನೂಲಿನ ಸಮಸ್ಯೆ ಆಗಿರಲಿಕ್ಕಿಲ್ಲ. ಚಾರ್ಜರ್ ಜತೆ ಮಾತಾಡುವ ಪಿನ್ನು ಪೋರ್ಟಿನಲ್ಲಿ ಎರಡಿವೆ, ಬದಿಗೊಂದು. ಒಂದು ಸವೆದರೆ ಅಥವಾ ಕಿಲುಬು ಹಿಡಿದರೆ ಹೀಗೆ ಅರ್ಧ ಕುರುಡಾಗುತ್ತದೆ. ಇದನ್ನು ಅಂಗಡಿಯವನಿಗೆ ಮೊದಲೇ ಹೇಳಿ, ಅವನು ಬ್ಯಾಟರಿ ಬದಲಿಸಲು ಹೊರಡುವುದು ತಪ್ಪುತ್ತದೆ.

ಕಿಲುಬು ಈ ಮುಂಬಯಿಯ ಖಾಯಂ ಅತಿಥಿ. ಒದ್ದೆ ಪೋರ್ಟಿಗೆ ಚಾರ್ಜರ್ ಹಾಕಿದರೆ ನೀರು ಮತ್ತು ಕರೆಂಟು ಸೇರಿ ಪಿನ್ನಿನ ಲೋಹವನ್ನೇ ತಿನ್ನುತ್ತವೆ. ಮರೀನ್ ಡ್ರೈವಿನಲ್ಲಿ ಭರತದ ಅಲೆ ಸಿಡಿದ ಉಪ್ಪುನೀರಾದರೆ ಮತ್ತೂ ಬೇಗ. ಪೋರ್ಟ್ ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಕೆಳಗಿಡಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ. ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದೆಂದು ಆಪಲ್ ಕಂಪನಿಯೇ ಹೇಳಿದೆ. ಲ್ಯಾಪ್‌ಟಾಪಿಗೆ ಚಹಾ ಚೆಲ್ಲಿದರೆ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. 'ಆನ್ ಆಗ್ತದಾ ನೋಡುವಾ' ಎಂಬ ಕುತೂಹಲಕ್ಕೇ ಸುಟ್ಟ ಬೋರ್ಡುಗಳು ಹೆಚ್ಚು.

ಒಂದು ಚಿಲ್ಲರೆ ವಿಷಯ, ಆದರೆ ಜನ ಇದಕ್ಕಾಗಿ ಮೌಸ್ ಬಿಸಾಡಿದ್ದಾರೆ. ವೈರ್‌ಲೆಸ್ ಮೌಸಿಗಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ಡಾಂಗಲ್ ಪಕ್ಕದಲ್ಲೇ ಯುಎಸ್‌ಬಿ 3ರ ಹಾರ್ಡ್ ಡಿಸ್ಕ್ ಇದ್ದರೆ ಪರದೆಯ ಬಾಣ ತಡವರಿಸಬಹುದು. ಆ ಡಿಸ್ಕಿನ ಸಂಪರ್ಕ ಇಂಥ ಮೌಸ್ ಮಾತಾಡುವ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ, ಇಂಟೆಲ್ 2012ರಲ್ಲೇ ಇದನ್ನು ಬರೆದಿಟ್ಟಿದೆ. ಡಾಂಗಲನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ. 2.4ರಲ್ಲಿ ಓಡುವ ವೈಫೈಗೂ ಅದೇ ಪೆಟ್ಟು, ಜತೆಗೆ ಕಟ್ಟಡದ ತುಂಬ ನೆರೆಮನೆಯ ರೂಟರುಗಳ ಕಾಟ ಬೇರೆ. ರೂಟರ್ ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ಆರಿಸಿಕೊಳ್ಳಿ, ಗೋಡೆ ಅಡ್ಡ ಬಂದರೆ ಅದು ಬೇಗ ಸೋಲುತ್ತದೆ.

ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಕೇಬಲ್ ಕೊಳ್ಳಲು ಹೋದರೆ 'ಫಾಸ್ಟ್ ಚಾರ್ಜಿಂಗ್' ಎಂಬ ದಪ್ಪಕ್ಷರ ಬಿಟ್ಟು ವ್ಯಾಟ್ ಎಷ್ಟು, ಗಿಗಾಬಿಟ್ ಎಷ್ಟು ಎಂದು ಕೇಳಿ. ಎರಡೂ ಬೇರೆ ಬೇರೆ ಗುಣ. 240 ವ್ಯಾಟಿನ ಕೇಬಲ್ ಡೇಟಾದಲ್ಲಿ 480 ಮೆಗಾಬಿಟ್‌ನದೇ ಇರಬಹುದು. ಮನೆಗೆ ತಂದ ಮೇಲೆ ತುದಿಗೆ ಚೂರು ಪೇಪರ್ ಟೇಪ್ ಸುತ್ತಿ ಎರಡೂ ಅಂಕಿ ಪೆನ್ನಿನಲ್ಲಿ ಬರೆದಿಡಿ. ಡ್ರಾಯರಿನಲ್ಲಿ ಆರು ಕರಿ ಕೇಬಲುಗಳು ಸಿಕ್ಕುಬಿದ್ದಾಗ ನನ್ನಂಥವನಿಗೂ ಕಣ್ಣಲ್ಲಿ ನೋಡಿ ಹೇಳಲಿಕ್ಕೆ ಬರುವುದಿಲ್ಲ.