ಪದ ಪರಿಚಯ: ಸ್ವಯಂಸೇವಕ ಸಂಯೋಜಕ

ಉಡುಪಿ ಕಡೆಯ ದೇವಸ್ಥಾನದಲ್ಲಿ ಬ್ರಹ್ಮಕಲಶ ನಡೆಯುವಾಗ ಊಟದ ಪಂಕ್ತಿಯನ್ನು ಒಮ್ಮೆ ಗಮನಿಸಿ. ಮೊದಲ ಸಲ ಬಡಿಸಲು ಬಂದ ಹುಡುಗನ ಕೈಗೆ ಯಾರೂ ಸಾರಿನ ಬಾಲ್ದಿ ಕೊಡುವುದಿಲ್ಲ. ಉಪ್ಪು, ಉಪ್ಪಿನಕಾಯಿ ಕೊಡುತ್ತಾರೆ. ಎರಡು ಪಂಕ್ತಿ ಎದ್ದ ಮೇಲೆ ಪಲ್ಯ. ಬಿಸಿ ಸಾರು, ಪಾಯಸ ಏನಿದ್ದರೂ ಕೈ ಪಳಗಿದವರಿಗೆ. ಇದನ್ನೆಲ್ಲ ನಿಂತು ನೋಡಿಕೊಳ್ಳುವ ಹಿರಿಯರೊಬ್ಬರು ಇರುತ್ತಾರೆ. ಅವರ ಕಣ್ಣು ಉಣ್ಣುವವರಿಗಿಂತ ಹೆಚ್ಚಾಗಿ ಬಡಿಸುವವರ ಮೇಲೆ. "ಬೆಳಗ್ಗಿಂದ ನಿಂತಿದ್ದೀಯಲ್ಲ ಮಾರಾಯ, ಈ ಪಂಕ್ತಿಗೆ ನೀನೂ ಕೂತುಕೋ" ಎಂದು ಹುಡುಗನ ಕೈಯಿಂದ ಸೌಟು ತೆಗೆದುಕೊಳ್ಳುವವರೂ ಅವರೇ.

ಊರಲ್ಲಿ ಈ ಕೆಲಸಕ್ಕೆ ಹೆಸರಿಲ್ಲ. ಸಂಸ್ಥೆಯೊಂದು ಇದೇ ಕೆಲಸಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡರೆ ಅವರು 'ಸ್ವಯಂಸೇವಕ ಸಂಯೋಜಕ'. ಮಾತಿನಲ್ಲಿ ಎಲ್ಲರೂ ವಾಲಂಟಿಯರ್ ಕೋಆರ್ಡಿನೇಟರ್ ಅನ್ನುತ್ತೇವೆ.

ಪದದ ತೂಕವೆಲ್ಲ 'ಸಂಯೋಜಕ'ದಲ್ಲಿದೆ. ಮೂಲ ಸಂಸ್ಕೃತದ 'ಯುಜ್' ಧಾತು. ಕೂಡಿಸುವುದು, ಹೂಡುವುದು ಎಂದರ್ಥ. ಯೋಗ, ಯೋಜನೆ, ಯೋಜಕ ಎಲ್ಲವೂ ಅಲ್ಲಿಂದಲೇ. 'ಯೋಜಕಸ್ತತ್ರ ದುರ್ಲಭಃ' ಎಂಬ ಹಳೆಯ ಮಾತನ್ನು ನೀವೂ ಕೇಳಿರಬಹುದು: ಯಾತಕ್ಕೂ ಆಗದ ಮನುಷ್ಯ ಎಂಬವನಿಲ್ಲ, ಅವನನ್ನು ತಕ್ಕ ಕೆಲಸಕ್ಕೆ ಹಚ್ಚುವವರು ಸಿಗುವುದೇ ಕಷ್ಟ. ಈ ಹುದ್ದೆಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇದುವರೆಗೆ ಸಿಕ್ಕಿಲ್ಲ.

ಇದನ್ನು 'ಕಾರ್ಯಕ್ರಮ ಸಂಯೋಜಕ'ನ ಜೊತೆ ಬೆರೆಸಬಾರದು. ಆತನ ಗಮನ ಬ್ಯಾನರ್, ಮೈಕ್, ಅತಿಥಿಗಳ ಕಡೆಗೆ. ಸ್ವಯಂಸೇವಕ ಸಂಯೋಜಕರ ಗಮನ ಬಂದ ಹುಡುಗ ಹುಡುಗಿಯರ ಕಡೆಗೆ. ಇಬ್ಬರ ಕೆಲಸವನ್ನೂ ಒಬ್ಬರ ತಲೆಗೆ ಕಟ್ಟಿದಾಗ ಏನಾಗುತ್ತದೆ ಎಂಬುದನ್ನು ನಾನು ಡಿಗ್ರಿಯಲ್ಲಿದ್ದಾಗ ಮಲ್ಪೆಯಲ್ಲಿ ಕಂಡೆ. ಕಡಲತೀರ ಸ್ವಚ್ಛ ಮಾಡಲು ಬೆಳಗ್ಗೆ ಆರಕ್ಕೆ ಬರಹೇಳಿದ್ದರು. ನಲವತ್ತು ಮಂದಿ ಇದ್ದೆವು, ಗ್ಲೌಸ್ ಹತ್ತು ಜೊತೆ. ಅತಿಥಿಗಳು ಬಂದು ಫೋಟೋ ಆಗುವಷ್ಟರಲ್ಲಿ ಎಂಟೂವರೆ. ನನ್ನ ಪಕ್ಕದ ಹುಡುಗಿಗೆ ಮರಳಲ್ಲಿದ್ದ ಗಾಜು ಬೆರಳಿಗೆ ಹೊಕ್ಕಿತು. ಡೆಟಾಲ್, ಹತ್ತಿ ಯಾವುದೂ ಅಲ್ಲಿರಲಿಲ್ಲ. ಕರ್ಚೀಫು ಸುತ್ತಿಕೊಂಡು ಒಬ್ಬಳೇ ಬಸ್ ಹತ್ತಿದಳು. ಮರುದಿನ ಹೇಗಿದ್ದೀ ಎಂದು ಕೇಳಲು ಅವಳ ನಂಬರ್ ಕೂಡ ಯಾರ ಬಳಿಯೂ ಇರಲಿಲ್ಲ. ಅವಳು ಮತ್ತೆ ಬರಲಿಲ್ಲ. ಇಂದಿಗೂ ಕೆಲಸ ಶುರುವಾಗುವ ಮೊದಲು ನಾನು ಬರೆದುಕೊಳ್ಳುವುದು ಹೆಸರು, ಫೋನು, ಮನೆಯವರ ಫೋನು. ಮರುದಿನ ಸಂಜೆ ಹೊಸಬರಿಗೆಲ್ಲ ಒಂದು ಕರೆ.

ಕಾಲೇಜಿನಲ್ಲಿ ಈ ಹುದ್ದೆಗೆ ತೀರ ಹತ್ತಿರ ಇರುವವರು ಎನ್ನೆಸ್ಸೆಸ್ ಯೋಜನಾಧಿಕಾರಿ. ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾನಿಲಯಗಳಲ್ಲಿ. ಒಬ್ಬ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಜೊತೆಗೆ ಏಳು ದಿನದ ವಿಶೇಷ ಶಿಬಿರ. ಸುಮಾರು 100 ಮಂದಿಯ ಒಂದು ಘಟಕಕ್ಕೆ ಒಬ್ಬ ಯೋಜನಾಧಿಕಾರಿ, ಅವರೂ ಪಾಠ ಮಾಡುವ ಅಧ್ಯಾಪಕರೇ. ಹಾಗಾಗಿ ಶಿಬಿರದ ಭಾರದಲ್ಲಿ ಒಂದು ಪಾಲು ವಿದ್ಯಾರ್ಥಿ ನಾಯಕ, ನಾಯಕಿಯರ ಹೆಗಲಿಗೆ ಬೀಳುತ್ತದೆ. ಹಳ್ಳಿ ಶಾಲೆಯಲ್ಲಿ ಐವತ್ತು ಜನ ಮಲಗಬೇಕು. ಅಡುಗೆಗೆ ಇವತ್ತು ಯಾವ ತಂಡ, ಜ್ವರ ಬಂದವನನ್ನು ಬೈಕಿನಲ್ಲಿ ಕರೆದೊಯ್ಯುವವರು ಯಾರು, ಮೂರನೇ ದಿನ ಮನೆ ನೆನಪಾಗಿ ಮೂಲೆ ಹಿಡಿದವನ ಪಕ್ಕ ಕೂರುವವರು ಯಾರು? ಇದನ್ನೆಲ್ಲ ಹತ್ತೊಂಬತ್ತನೇ ವಯಸ್ಸಿನಲ್ಲಿ ಸಂಭಾಳಿಸಿದವರು ಈ ವೃತ್ತಿಯ ಮೊದಲ ಮೆಟ್ಟಿಲು ಆಗಲೇ ಹತ್ತಿರುತ್ತಾರೆ, ತಮಗೆ ಗೊತ್ತಿಲ್ಲದೆಯೇ.

ಓದಿನ ದಾರಿಯೂ ಇದೆ. ಮಂಗಳೂರಿನ ರೋಶನಿ ನಿಲಯದಲ್ಲಿ 1960ರಿಂದ ಸಮಾಜಕಾರ್ಯ ಕಲಿಸುತ್ತಿದ್ದಾರೆ. ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡುವವರಿಗೆ ಕ್ಷೇತ್ರಕಾರ್ಯ ಪಠ್ಯದ ಭಾಗವೇ. ಡಿಗ್ರಿ ಕೆಲಸಕ್ಕೆ ಅರ್ಜಿ ಹಾಕಲು ನೆರವಾಗುತ್ತದೆ, ಆದರೆ ಸ್ವತಃ ಸ್ವಯಂಸೇವಕರಾಗಿ ಬಿಸಿಲಲ್ಲಿ ನಿಂತಿರದವರಿಗೆ ಈ ಕೆಲಸ ಕೈಗೆ ಹತ್ತುವುದಿಲ್ಲ ಎಂದೇ ನನ್ನ ನಂಬಿಕೆ.

ಈ ದಾರಿ ಹಿಡಿಯುವ ತಮ್ಮ ತಂಗಿಯರಿಗೆ ಎರಡು ವಿಷಯ ಹೇಳಲೇಬೇಕು. ಹೆಚ್ಚಿನ ಹುದ್ದೆಗಳು ಪ್ರಾಜೆಕ್ಟ್ ಲೆಕ್ಕದವು, ಪ್ರಾಜೆಕ್ಟ್ ಮುಗಿದರೆ ಸಂಬಳವೂ ನಿಲ್ಲುತ್ತದೆ. ಇನ್ನೊಂದು, ದಿನವಿಡೀ ಆಫೀಸಿನಲ್ಲಿ ದುಡಿಸಿಕೊಂಡು 'ನೀವು ವಾಲಂಟಿಯರ್ ಅಲ್ವಾ' ಎನ್ನುವ ಕಡೆ ವರ್ಷಗಟ್ಟಲೆ ಇರಬೇಡಿ. ಅದು ಸೇವೆಯಲ್ಲ, ಸಂಬಳವಿಲ್ಲದ ನೌಕರಿ. ಆದರೆ ಕೆಲಸಕ್ಕೆ ಸೇರುವವರೆಗೆ ಮಾಡಿದ ಸೇವೆಯನ್ನು ತಪ್ಪದೆ ಬರೆದಿಡಿ. ಸರ್ಟಿಫಿಕೇಟಿನ ಕಟ್ಟಿಗಿಂತ ಅದು ಹೆಚ್ಚು ಮಾತಾಡುತ್ತದೆ.

ಸಂದರ್ಶನದಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: ನೀವು ಕರೆತಂದವರಲ್ಲಿ ಎರಡನೇ ಸಲ ಬಂದವರು ಎಷ್ಟು ಮಂದಿ? ಹೆಚ್ಚಿನವರು ತಡವರಿಸುತ್ತಾರೆ. ಕಾರ್ಕಳದ ಕಡೆಯ ಒಬ್ಬಳು ಹುಡುಗಿ ಮಾತ್ರ ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಪುಟದ ತುಂಬ ಹೆಸರುಗಳು, ಬಂದ ದಿನಗಳಿಗೆ ಗೆರೆ. ಪ್ರತಿ ಹೆಸರಿನ ಎದುರು ಪೆನ್ಸಿಲಿನಲ್ಲಿ ಅವರವರ ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತು.