ಹಳೆಯ ಪ್ಲಾಸ್ಟಿಕ್ ಯುದ್ಧಟ್ಯಾಂಕ್ ಮಾದರಿಗೆ ಥಿನ್ನರ್ ಹಾಕಬಹುದೇ?

ಪ್ರಶ್ನೆ: ಮನೆಯ ಅಟ್ಟದಲ್ಲಿ ಹಿಂದಿನ ತಲೆಮಾರಿನವರು ಬಿಡಿಭಾಗಗಳ ಕಿಟ್‌ಗಳಿಂದ ಜೋಡಿಸಿ ಕಟ್ಟಿದ್ದ ಚಿಕ್ಕ ಪ್ಲಾಸ್ಟಿಕ್ ಯುದ್ಧಟ್ಯಾಂಕ್ ಮಾದರಿಗಳೂ ಸೈನಿಕರ ಗೊಂಬೆಗಳೂ ಸಿಕ್ಕಿವೆ. ಬಣ್ಣ ದಪ್ಪವಾಗಿದೆ, ಕೆಲವು ಫಿರಂಗಿಗಳು ಮುರಿದಿವೆ. ಥಿನ್ನರ್ ಹಾಕಿ ಬಣ್ಣ ತೆಗೆದು, ಮತ್ತೆ ಬಳಿದು, ಮೇಜಿನ ಮೇಲಿನ ಯುದ್ಧದಾಟಕ್ಕೆ ಬಳಸಬಹುದೇ?

ಉತ್ತರ: ಆಟಕ್ಕೆ ಖಂಡಿತವಾಗಿ ಬಳಸಬಹುದು, ಆದರೆ ಥಿನ್ನರನ್ನು ಮಾತ್ರ ಅವುಗಳ ಹತ್ತಿರಕ್ಕೂ ತರಬೇಡಿ. ಈ ಮಾದರಿಗಳಲ್ಲಿ ಹೆಚ್ಚಿನವು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನಿಂದ ಆದವು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್‌ನಲ್ಲಿರುವ ಟಾಲ್ವೀನ್, ಅಸಿಟೋನ್‌ಗಳಂಥ ದ್ರಾವಕಗಳು ಬಣ್ಣದೊಂದಿಗೆ ಪಾಲಿಸ್ಟೈರೀನನ್ನೂ ಕರಗಿಸುತ್ತವೆ. ಮಾದರಿಗಳನ್ನು ಅಂಟಿಸುವ ಸಿಮೆಂಟ್ ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಅದು ಎರಡು ಅಂಚುಗಳನ್ನು ತುಸು ಕರಗಿಸಿ ಒಂದಾಗಿ ಬೆಸೆಯುತ್ತದೆ. ಅಂದರೆ ಇಡೀ ಟ್ಯಾಂಕನ್ನು ಥಿನ್ನರ್‌ನಲ್ಲಿ ಅದ್ದುವುದೂ ಅದನ್ನು ಅಂಟಿನಲ್ಲಿ ಅದ್ದುವುದೂ ಒಂದೇ. ಉಗುರಿನ ಬಣ್ಣ ತೆಗೆಯುವ ದ್ರವ, ಪೆಟ್ರೋಲ್, ಕಿತ್ತಳೆ ಸಿಪ್ಪೆಯ ಎಣ್ಣೆಯಿಂದ ಮಾಡಿದ ಕ್ಲೀನರ್‌ಗಳು ಇವೂ ಅದೇ ಸಾಲಿಗೆ ಸೇರುತ್ತವೆ.

ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ: ಬಣ್ಣವನ್ನು ತೆಗೆಯಲೇಬೇಕೆ? ನನ್ನ ಅನುಭವದಲ್ಲಿ, ಕೈಗೆ ಬಂದ ಹಳೆಯ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಅದರ ಅಗತ್ಯವೇ ಬೀಳಲಿಲ್ಲ. ಆಟದ ಮಾದರಿಯನ್ನು ನಾವು ನೋಡುವುದು ಒಂದು ಮೊಳ, ಎರಡು ಮೊಳ ದೂರದಿಂದ. ಮೇಲ್ಮೈಯ ಉಬ್ಬುತಗ್ಗುಗಳು ಇನ್ನೂ ಬೆಳಕಿಗೆ ನೆರಳು ಕೊಡುತ್ತಿದ್ದರೆ, ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸಾಬೂನು ಹಾಕಿ, ಮೆದು ಹಲ್ಲುಜ್ಜುವ ಬ್ರಷ್‌ನಿಂದ ಜಿಡ್ಡು ತೆಗೆದು, ಒಣಗಿಸಿ, ಅದರ ಮೇಲೆಯೇ ಪ್ರೈಮರ್ (ಹೊಸ ಬಣ್ಣ ಹಿಡಿಯಲೆಂದು ಹಾಕುವ ತಳಪದರ) ಬಳಿಯಬಹುದು. ಚಕ್ಕೆಯೇಳುತ್ತಿರುವ ಕಡೆಗಳನ್ನು ಮಾತ್ರ ನುಣುಪು ಮಾಡಿದರೆ ಸಾಕು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1960ರ ದಶಕದ ಆರಂಭದಿಂದ ಚಿಕ್ಕ ಟ್ಯಾಂಕ್ ಕಿಟ್‌ಗಳನ್ನು ಹೊರತಂದಿತು. ಅವುಗಳಲ್ಲಿ ಅಮೆರಿಕದ ಎಂ3 ಲೀ/ಗ್ರಾಂಟ್ ಟ್ಯಾಂಕ್ ಕೂಡ ಒಂದು. ನಿಜವಾದ ಲೀ ಟ್ಯಾಂಕಿನ ಕವಚದ ಫಲಕಗಳನ್ನು ರಿವೆಟ್ ಹೊಡೆದು ಜೋಡಿಸುತ್ತಿದ್ದರು, ಆದ್ದರಿಂದ ಮಾದರಿಯ ಮೈತುಂಬ ರಿವೆಟ್‌ಗಳ ಸಾಲು ಇರುತ್ತದೆ. ಈ ಸಾಲೇ ನಿಮ್ಮ ಅಳತೆಗೋಲು. ಟೇಬಲ್ ಲ್ಯಾಂಪ್‌ನ ಬೆಳಕನ್ನು ಪಕ್ಕದಿಂದ ಬೀಳುವಂತೆ ಇಟ್ಟು ನೋಡಿದಾಗ ರಿವೆಟ್‌ಗಳನ್ನು ಒಂದೊಂದಾಗಿ ಎಣಿಸಲು ಬಂದರೆ ಬಣ್ಣವನ್ನು ಹಾಗೆಯೇ ಬಿಡಿ. ಅವು ಒಂದು ಗೆರೆಯಂತೆ ಕೂಡಿಕೊಂಡಿದ್ದರೆ, ಅಥವಾ ಗೇಟಿಗೆ ಬಳಿಯುವ ಎನಾಮೆಲನ್ನೇ ಬಳಿದು ಎಲ್ಲವೂ ಮುಳುಗಿಹೋಗಿದ್ದರೆ, ಆಗ ಬಣ್ಣ ತೆಗೆಯುವುದು ಅನಿವಾರ್ಯ.

ತೆಗೆಯಲೇಬೇಕಾದರೆ ಮೊದಲು ಬಣ್ಣ ಯಾವುದೆಂದು ತಿಳಿಯಬೇಕು. ಹತ್ತಿಯ ತುದಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಟ್ಯಾಂಕಿನ ತಳಭಾಗದಲ್ಲಿ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅದು ಬಹುಮಟ್ಟಿಗೆ ಅಕ್ರಿಲಿಕ್. ಅದೇ ಆಲ್ಕೋಹಾಲ್‌ನಲ್ಲಿ ಕೆಲವು ಗಂಟೆ ನೆನೆಸಿಟ್ಟು ಬ್ರಷ್‌ನಿಂದ ಉಜ್ಜಿದರೆ ಬಿಟ್ಟುಬರುತ್ತದೆ, ಪಾಲಿಸ್ಟೈರೀನ್‌ಗೆ ಹಾನಿಯಾಗುವುದಿಲ್ಲ. ಹತ್ತಾರು ವರ್ಷ ಹಿಂದೆ ಕಟ್ಟಿದ ಮಾದರಿಗಳಲ್ಲಿ ಮಾತ್ರ ಸಾಮಾನ್ಯವಾಗಿ ಸಿಗುವುದು ಎನಾಮೆಲ್. ಪೂರ್ತಿ ಗಟ್ಟಿಯಾದ ಎನಾಮೆಲನ್ನು ಆಲ್ಕೋಹಾಲ್ ಆಗಲಿ ಟರ್ಪೆಂಟೈನ್ ಆಗಲಿ ಸುಲಭವಾಗಿ ಅಲುಗಿಸುವುದಿಲ್ಲ. ಅದಕ್ಕೆ ಕಾಸ್ಟಿಕ್ ಸೋಡಾ ಬೇಕು. ಎಣ್ಣೆಯಿಂದ ತಯಾರಾದ ಎನಾಮೆಲನ್ನು ಕ್ಷಾರವು ಸಾಬೂನು ಮಾಡುವ ಕ್ರಿಯೆಯಲ್ಲೇ ಒಡೆಯುತ್ತದೆ, ಆದರೆ ಪಾಲಿಸ್ಟೈರೀನ್ ಅದಕ್ಕೆ ಬಗ್ಗುವುದಿಲ್ಲ. ಈ ವ್ಯತ್ಯಾಸವೇ ನಮಗೆ ಅನುಕೂಲ.

ಇಲ್ಲಿ ಅವಸರ ಸಲ್ಲದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಲೀಟರ್ ತಣ್ಣೀರು ತೆಗೆದುಕೊಂಡು ಅದಕ್ಕೆ 30ರಿಂದ 40 ಗ್ರಾಂ ಕಾಸ್ಟಿಕ್ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು, ಏಕೆಂದರೆ ಅದು ಕರಗುವಾಗ ಬಿಸಿಯಾಗಿ ಸಿಡಿಯಬಲ್ಲದು. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ, ಕ್ಷಾರವು ಅದನ್ನು ತಿಂದು ಹೈಡ್ರೋಜನ್ ಹೊರಬಿಡುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ ಇರಲೇಬೇಕು. ಮಕ್ಕಳು ಮತ್ತು ಸಾಕುಪ್ರಾಣಿಗಳು ತಲುಪದ ಕಡೆ, ಮುಚ್ಚಳದ ಮೇಲೆ ಹೆಸರು ಬರೆದು ಇಡಬೇಕು. ಬಣ್ಣ ಸುಕ್ಕುಗಟ್ಟಲು ಒಂದು ರಾತ್ರಿ ಸಾಕಾಗಬಹುದು, ಮೂರ್ನಾಲ್ಕು ದಿನವೂ ಹಿಡಿಯಬಹುದು. ತೆಗೆದ ಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಫೆವಿಕ್ವಿಕ್‌ನಂಥ ಅಂಟಿನಿಂದ ಸೇರಿಸಿದ ಭಾಗಗಳು ಈ ಸ್ನಾನದಲ್ಲಿ ಕಳಚಿಕೊಳ್ಳಬಹುದು, ಆದ್ದರಿಂದ ತೊಳೆಯುವಾಗ ಕೆಳಗೊಂದು ಜರಡಿ ಇಟ್ಟುಕೊಳ್ಳುವುದು ಒಳ್ಳೆಯದು. ಒಮ್ಮೆ ಜರಡಿಯಿಲ್ಲದೆ ತೊಳೆಯಲು ಹೋಗಿ ಒಂದು ಟ್ಯಾಂಕಿನ ಮೆಷಿನ್‌ಗನ್ ಚರಂಡಿ ಸೇರಿದ್ದನ್ನು ನಾನು ಇನ್ನೂ ಮರೆತಿಲ್ಲ.

ಡೆಟಾಲ್ ಮತ್ತು ಬ್ರೇಕ್ ಆಯಿಲ್ ಬಗ್ಗೆಯೂ ಹಲವರು ಕೇಳುತ್ತಾರೆ. ಎರಡೂ ಬಣ್ಣ ತೆಗೆಯುತ್ತವೆ ಎಂಬುದು ನಿಜ. ಆದರೆ ಡೆಟಾಲ್‌ನಲ್ಲಿ ಮೆತ್ತಗಾದ ಬಣ್ಣಕ್ಕೆ ನೀರು ತಾಗಿದ ಕೂಡಲೇ ಅದು ಅಂಟಂಟಾದ ಗಸಿಯಾಗಿ ಸಂದುಗಳಲ್ಲಿ ಕೂತುಬಿಡುತ್ತದೆ, ಹಾಗಾಗಿ ಮೊದಲ ಉಜ್ಜುವಿಕೆಯನ್ನು ಡೆಟಾಲ್‌ನಲ್ಲೇ ಮಾಡಬೇಕಾಗುತ್ತದೆ. ಹೆಚ್ಚು ದಿನ ಬಿಟ್ಟರೆ ಪ್ಲಾಸ್ಟಿಕ್ಕೂ ಮೆದುವಾಗಬಹುದು. ಬ್ರೇಕ್ ಆಯಿಲ್ ಕೆಲವು ಹಳೆಯ ಪ್ಲಾಸ್ಟಿಕ್‌ಗಳನ್ನು ಬಿರುಕು ಬಿಡುವಷ್ಟು ಪೆಡಸು ಮಾಡುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ನಾನು ಎರಡನ್ನೂ ಬಿಟ್ಟಿದ್ದೇನೆ.

ಹಳೆಯ ಬಣ್ಣವನ್ನು ಒಣಗಿದ ಸ್ಥಿತಿಯಲ್ಲಿ ಮರಳುಕಾಗದದಿಂದ ಉಜ್ಜಲೇಬೇಡಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ದಶಕಗಳ ಹಿಂದಿನ ಹಳದಿ, ಕೆಂಪು, ಹಸಿರು ಎನಾಮೆಲ್‌ಗಳಲ್ಲಿ ಸೀಸ ಇದ್ದಿರಬಹುದು. ನೀರು ಹಚ್ಚಿ ಉಜ್ಜಿದರೆ ಧೂಳು ಏಳುವುದಿಲ್ಲ.

ಸೈನಿಕರ ಗೊಂಬೆಗಳ ವಿಷಯ ಬೇರೆ. ಏರ್‌ಫಿಕ್ಸ್ 1959ರಿಂದ ತಂದ ಚಿಕ್ಕ ಸೈನಿಕರು ಪಾಲಿಥೀನ್ ಜಾತಿಯ ಮೆದು ಪ್ಲಾಸ್ಟಿಕ್‌ನವರು. ಯಾವುದು ಯಾವುದೆಂದು ಗೊತ್ತಾಗದಿದ್ದರೆ ಒಂದು ಲೋಟ ನೀರು ಸಾಕು: ಪಾಲಿಥೀನ್ ನೀರಿಗಿಂತ ಹಗುರ, ಆದ್ದರಿಂದ ತೇಲುತ್ತದೆ, ಪಾಲಿಸ್ಟೈರೀನ್ ನೀರಿಗಿಂತ ತುಸುವೇ ಭಾರ, ನಿಧಾನವಾಗಿ ಮುಳುಗುತ್ತದೆ. ಗಾಳಿ ಸಿಕ್ಕಿಕೊಳ್ಳದಂಥ, ಬಣ್ಣವಿಲ್ಲದ ಚೂರಿನಲ್ಲಿ ಪರೀಕ್ಷಿಸಿದರೆ ಫಲಿತಾಂಶ ಸ್ಪಷ್ಟ. ತೇಲುವ ಗೊಂಬೆಗಳಿಗೆ ಮಾದರಿಯ ಸಿಮೆಂಟ್ ಹಿಡಿಯುವುದಿಲ್ಲ, ಗಡುಸು ಬಣ್ಣ ಬಗ್ಗಿದ ಕಡೆಯಲ್ಲೆಲ್ಲ ಉದುರುತ್ತದೆ. ಸಾಬೂನಿನಲ್ಲಿ ತೊಳೆದು, ತೆಳುಮಾಡಿದ ಬಿಳಿ ಫೆವಿಕಾಲ್‌ನ ಒಂದು ಪದರ ಬಳಿದು, ಅದು ಒಣಗಿದ ಮೇಲೆ ಅಕ್ರಿಲಿಕ್ ಬಣ್ಣ ಹಾಕಿದರೆ ಹೊಂದಿಕೊಂಡು ಬಾಗುತ್ತದೆ. ಆದರೆ ಬಣ್ಣ ಹಚ್ಚುವ ಮೊದಲು ಒಂದು ಗೊಂಬೆಯ ಬಂದೂಕನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಹಳೆಯ ಪಾಲಿಥೀನ್ ಕೆಲವೊಮ್ಮೆ ವಯಸ್ಸಾದಂತೆ ಪೆಡಸಾಗಿ ಮುಟ್ಟಿದರೆ ಪುಡಿಯಾಗುತ್ತದೆ. ಅಂಥದ್ದನ್ನು ಉಳಿಸುವ ದಾರಿಯಿಲ್ಲ. ಎಷ್ಟೇ ಪ್ರೀತಿಯಿದ್ದರೂ ಆಟಕ್ಕೆ ತರಬೇಡಿ, ಡಬ್ಬಿಯಲ್ಲಿಟ್ಟು ಕಾಪಾಡಿ.

ಈಗ ದುರಸ್ತಿ. ಕಪಾಟಿನಲ್ಲಿಡುವ ಮಾದರಿಗೂ ಆಟದ ಮಾದರಿಗೂ ದಾರಿ ಬೇರೆಯಾಗುವುದು ಇಲ್ಲಿ. ಕಪಾಟಿನ ಮಾದರಿಗೆ ನಿಖರತೆ ಮುಖ್ಯ. ಆಟದ ಮಾದರಿಯನ್ನು ಒಂದು ಸಂಜೆಯಲ್ಲಿ ಹತ್ತಾರು ಸಲ ಎತ್ತಿ ಇಳಿಸುತ್ತಾರೆ, ಅದೂ ಬೇರೆಯವರ ಕೈಗಳು. ಮೊದಲು ಮುರಿಯುವುದು ಫಿರಂಗಿಯ ನಳಿಕೆ. ಮುರಿದ ತುದಿಗಳನ್ನು ಬರಿಯ ಅಂಟಿನಿಂದ ಸೇರಿಸಿದರೆ ಮುಂದಿನ ಆಟದಲ್ಲೇ ಅದು ಮತ್ತೆ ಮುರಿಯುತ್ತದೆ. ಎರಡೂ ತುದಿಗಳಿಗೆ ಕೈಡ್ರಿಲ್‌ನಿಂದ ಸಣ್ಣ ರಂಧ್ರ ಕೊರೆದು, ಒಳಗೆ ಗಿಟಾರ್ ತಂತಿಯ ತುಂಡನ್ನು ಕೂರಿಸಿ ಅಂಟಿಸಬೇಕು. ನಳಿಕೆಯೇ ಕಳೆದುಹೋಗಿದ್ದರೆ ಹಿತ್ತಾಳೆ ಕೊಳವೆ ಅಥವಾ ತುದಿಯನ್ನು ಪೂರ್ತಿ ಮೊಂಡು ಮಾಡಿದ ಹೊಸ ಇಂಜೆಕ್ಷನ್ ಸೂಜಿ ಒದಗುತ್ತದೆ. 75 ಮಿಲಿಮೀಟರ್ ಫಿರಂಗಿಯ ಬಾಯಿ ಈ ಮಾದರಿಗಳ 1/76 ಸ್ಕೇಲಿನಲ್ಲಿ, ಅಂದರೆ ನಿಜವಾದದ್ದರ 76ರಲ್ಲಿ ಒಂದು ಪಾಲಿನ ಗಾತ್ರದಲ್ಲಿ, ಸುಮಾರು 1 ಮಿಲಿಮೀಟರ್ ಆಗುವುದರಿಂದ ಸೂಕ್ತ ಗಾತ್ರವನ್ನು ಹುಡುಕುವುದು ಕಷ್ಟವಲ್ಲ. ಸಂದುಗಳಿಗೆ ಎಂ-ಸೀಲ್ ಚೆನ್ನಾಗಿ ಹೊಂದುತ್ತದೆ, ಆದರೆ ಒದ್ದೆ ಬೆರಳಿನಿಂದ ತೆಳುವಾಗಿ ಒತ್ತಬೇಕು, ಗಟ್ಟಿಯಾದ ಮೇಲೆ ಅರದಿಂದ ತೆಗೆಯುವುದು ತ್ರಾಸದಾಯಕ. ಅಟ್ಟದ ಬಿಸಿಗೆ ಸೊಟ್ಟಗಾದ ಭಾಗಗಳನ್ನು 70ರಿಂದ 80 ಡಿಗ್ರಿ ಬಿಸಿಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟು, ನೇರಮಾಡಿ ಹಿಡಿದು, ಹಾಗೆಯೇ ತಣ್ಣೀರಿಗೆ ಅದ್ದಿದರೆ ಆಕಾರ ನಿಲ್ಲುತ್ತದೆ. ಪಾಲಿಸ್ಟೈರೀನ್ 100 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ಮೆತ್ತಗಾಗುವುದರಿಂದ ಕುದಿಯುವ ನೀರು ಬೇಡ.

ಟ್ರ್ಯಾಕ್‌ಗಳ, ಅಂದರೆ ಟ್ಯಾಂಕಿನ ಚಕ್ರಗಳನ್ನು ಸುತ್ತುವರಿಯುವ ಪಟ್ಟಿಗಳ, ಬಗ್ಗೆ ಒಂದು ಎಚ್ಚರಿಕೆ. ಕೆಲವು ಕಿಟ್‌ಗಳ ಮೆದು ವಿನೈಲ್ ಟ್ರ್ಯಾಕ್‌ಗಳಿಂದ ಅವುಗಳನ್ನು ಮೆದುವಾಗಿಡುವ ರಾಸಾಯನಿಕ ವರ್ಷಗಳು ಕಳೆದಂತೆ ಹೊರಬಂದು, ತಾಗಿಕೊಂಡಿರುವ ಪಾಲಿಸ್ಟೈರೀನ್ ಚಕ್ರಗಳನ್ನು ಕರಗಿಸುತ್ತದೆ. ಚಕ್ರಗಳಲ್ಲಿ ಹಲ್ಲು ಕಚ್ಚಿದಂಥ ಗುರುತು ಕಂಡರೆ ಕಾರಣ ಇದೇ. ಟ್ರ್ಯಾಕನ್ನು ಬಿಡಿಸಿ, ಚಕ್ರಕ್ಕೂ ಅದಕ್ಕೂ ನಡುವೆ ಬಣ್ಣದ ಒಂದೆರಡು ದಪ್ಪ ಪದರಗಳನ್ನು ತಡೆಯಾಗಿ ಬಳಿಯಬೇಕು. ರೆಕ್ಸಿನ್ ಹೊದಿಸಿದ ಪೆಟ್ಟಿಗೆಯಲ್ಲಿ ಮಾದರಿಗಳನ್ನು ನೇರವಾಗಿ ಇಡಬಾರದು ಎನ್ನುವುದಕ್ಕೂ ಇದೇ ಕಾರಣ. ಆಟಕ್ಕೆ ಚಕ್ರ ತಿರುಗುವ ಅಗತ್ಯವಿಲ್ಲ, ಆದ್ದರಿಂದ ಟ್ರ್ಯಾಕ್ ಮತ್ತು ಚಕ್ರಗಳನ್ನು ಒಂದೇ ಗಟ್ಟಿಯಾಗಿ ಅಂಟಿಸಿಬಿಡಿ. ತುಂಡಾದ ಟ್ರ್ಯಾಕಿನ ಸೇರುವೆಯನ್ನು ದಾರದಿಂದ ಹೊಲಿದು ಮೇಲಿನ ಕವಚದ ಮರೆಗೆ ತಳ್ಳಬಹುದು.

ಲೀ ಟ್ಯಾಂಕಿನ ಎತ್ತರ 3.12 ಮೀಟರ್, ಉದ್ದ 5.64 ಮೀಟರ್, 1/76 ಸ್ಕೇಲಿನಲ್ಲಿ ಅದು ಸುಮಾರು 41 ಮತ್ತು 74 ಮಿಲಿಮೀಟರ್ ಆಗುತ್ತದೆ. ಇಷ್ಟು ಎತ್ತರದ ಹಗುರ ಮಾದರಿ ಮೇಜಿನ ಗುಡ್ಡದ ಇಳಿಜಾರಿನಲ್ಲಿ ಮಗುಚಿಕೊಳ್ಳುತ್ತದೆ. ಒಡಲಿನ ತಳದಲ್ಲಿ ಉಕ್ಕಿನ ವಾಷರ್‌ಗಳನ್ನು ಎಂ-ಸೀಲ್‌ನಿಂದ ಕೂರಿಸಿದರೆ ಅದು ಸ್ಥಿರವಾಗಿ ನಿಲ್ಲುತ್ತದೆ. ಸೀಸದ ಗುಂಡುಗಳನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಬೇಡಿ: ಸೀಸವು ಅದರೊಂದಿಗೆ ಸವೆದು ಬಿಳಿಪುಡಿಯಾಗಿ ಉಬ್ಬುತ್ತದೆ, ಕೆಲವೇ ವರ್ಷಗಳಲ್ಲಿ ಮಾದರಿಯ ಬೆಸುಗೆಗಳನ್ನು ಒಳಗಿನಿಂದಲೇ ಸೀಳುತ್ತದೆ.

ಸ್ಕೇಲಿನ ಪ್ರಶ್ನೆಯೂ ಇಲ್ಲಿ ಬರುತ್ತದೆ. ಏರ್‌ಫಿಕ್ಸ್, ಮ್ಯಾಚ್‌ಬಾಕ್ಸ್‌ಗಳ ಹಳೆಯ ಚಿಕ್ಕ ಟ್ಯಾಂಕ್‌ಗಳು 1/76. ಒಂದು ಅಡಿಗೆ 4 ಮಿಲಿಮೀಟರ್ ಎಂಬ ಬ್ರಿಟಿಷ್ ಆಟಿಕೆ ರೈಲುಗಳ ಅಳತೆಯಿಂದ ಬಂದ ಗಾತ್ರವದು. ಇಂದಿನ ಹೊಸ ಕಿಟ್‌ಗಳು ಹೆಚ್ಚಾಗಿ 1/72. ವ್ಯತ್ಯಾಸ ಶೇಕಡ 5ರಷ್ಟು ಮಾತ್ರ. ಒಂದೇ ಮೇಜಿನ ಮೇಲೆ ಎರಡನ್ನೂ ನಿಸ್ಸಂಕೋಚವಾಗಿ ಬಳಸಿ, ಒಂದೇ ಬಗೆಯ ಎರಡು ಟ್ಯಾಂಕ್‌ಗಳನ್ನು ಅಕ್ಕಪಕ್ಕ ನಿಲ್ಲಿಸದಿದ್ದರೆ ಸಾಕು.

ಹೀಗೆ ಸಿದ್ಧವಾದ ಲೀ ಟ್ಯಾಂಕಿಗೆ ನಮ್ಮವರ ಇತಿಹಾಸದಲ್ಲೇ ಒಂದು ಜಾಗವಿದೆ. ಎರಡನೇ ಮಹಾಯುದ್ಧದಲ್ಲಿ, 1944ರ ಏಪ್ರಿಲ್ 13ರಂದು, ಇಂಫಾಲದ ಬಳಿ ಜಪಾನೀಯರು ಹಿಡಿದಿದ್ದ ನುನ್‌ಷಿಗುಮ್ ಗುಡ್ಡದ ಕಡಿದಾದ ಏಣನ್ನು 3ನೇ ಕ್ಯಾರಬಿನಿಯರ್ಸ್ ಎಂಬ ಬ್ರಿಟಿಷ್ ದಳದ ಲೀ ಟ್ಯಾಂಕ್‌ಗಳು 17ನೇ ಡೋಗ್ರಾ ರೆಜಿಮೆಂಟಿನ ಕಾಲಾಳುಗಳ ಜೊತೆ ಏರಿದವು. ಕಿರಿದಾದ ಏಣಿನ ಮೇಲೆ ದಾರಿ ನೋಡಲು ಟ್ಯಾಂಕ್ ಕಮಾಂಡರ್‌ಗಳು ತಲೆ ಹೊರಹಾಕಲೇಬೇಕಾಯಿತು, ಹಲವರು ಅಲ್ಲೇ ಸತ್ತರು. ನನ್ನ ಲೀ ಟ್ಯಾಂಕಿಗೆ ಕಡು ಆಲಿವ್ ಹಸಿರು ಬಳಿದು, ಮೇಲಿನ ಮುಚ್ಚಳವನ್ನು ತೆರೆದಂತೆ ಅಂಟಿಸಿ, ಒಬ್ಬ ಕಮಾಂಡರನನ್ನು ಅರ್ಧ ಮೈ ಹೊರಗಿರುವಂತೆ ನಿಲ್ಲಿಸಿದ್ದು ಆ ಕಾರಣಕ್ಕೆ. ಸೆಕೆಂಡ್‌ಹ್ಯಾಂಡ್ ಕೊಂಡ ಮಾದರಿಯದು. ಒಡಲಿನ ಒಳಗೆ ಮೊದಲು ಕಟ್ಟಿದವರು ಪೆನ್ಸಿಲ್‌ನಲ್ಲಿ ಒಂದು ತಾರೀಖು ಬರೆದಿದ್ದರು. ಕಾಸ್ಟಿಕ್ ಸ್ನಾನ ಬೇಡವೆಂದು ತೀರ್ಮಾನಿಸಲು ಅದೂ ಒಂದು ಕಾರಣವಾಯಿತು. ನಿಮ್ಮ ಟ್ಯಾಂಕ್‌ಗಳ ತಳವನ್ನೂ ಒಮ್ಮೆ ತಿರುಗಿಸಿ ನೋಡಿ, ತೊಳೆಯುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ.

ಉಳಿದದ್ದು ವಾರ್ನಿಷ್. ಬಣ್ಣದ ಮೇಲೆ ಮೊದಲು ಹೊಳಪಿನದು, ಅದರ ಮೇಲೆ ಹೊಳಪಿಲ್ಲದ ಮ್ಯಾಟ್; ಕೈ ಬೆವರಿನಿಂದ ಕಾಪಾಡುವುದು ಹೊಳಪಿನ ಪದರ, ಕಣ್ಣಿಗೆ ಹಿತವಾಗುವುದು ಮ್ಯಾಟ್. ಹಳದಿಗಟ್ಟಿದ ಡೆಕಾಲ್ (ನೀರಿನಲ್ಲಿ ನೆನೆಸಿ ಮಾದರಿಗೆ ಅಂಟಿಸುವ ಗುರುತು, ಸಂಖ್ಯೆಗಳ) ಹಾಳೆಯನ್ನು ಕಿಟಕಿಯ ಗಾಜಿಗೆ ಬಿಸಿಲಿನತ್ತ ಮುಖಮಾಡಿ ಕೆಲವು ವಾರ ಅಂಟಿಸಿಟ್ಟರೆ ಬಿಳುಪು ಬರುತ್ತದೆ. ನೀರಿಗೆ ಹಾಕುವ ಮುನ್ನ ಅದರ ಮೇಲೆ ತೆಳುವಾದ ವಾರ್ನಿಷ್ ಬಳಿದರೆ ಚೂರಾಗುವುದು ತಪ್ಪುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರು ಸ್ಪ್ರೇ ಕೆಲಸವನ್ನು ಮಳೆಗಾಲ ಮುಗಿಯುವವರೆಗೆ ತಡೆಹಿಡಿಯುವುದು ಒಳ್ಳೆಯದು, ಏಕೆಂದರೆ ತೇವದ ಗಾಳಿಯಲ್ಲಿ ವಾರ್ನಿಷ್ ಹಾಲಿನಂತೆ ಬೆಳ್ಳಗೆ ಮಬ್ಬಾಗುತ್ತದೆ. ಕೊನೆಯ ಪದರ ಬಳಿದ ಮೇಲೆ ಒಂದು ವಾರ ಮುಟ್ಟದೆ ಬಿಟ್ಟು, ಆಮೇಲೆ ಮೇಜಿಗೆ ತನ್ನಿ.